ಇಪ್ಪತ್ತೇಳು ಗುಣ ಕೂಡಿದ ಮೇಲ್

ಬೇರೆಯವರ ಆಫೀಸಲ್ಲಿ ವರ್ಷಕ್ಕೊಂದ್ಸಲ ನಡೆಯೋವಂಥದ್ದು ನಮ್ಮ ಆಫೀಸಲ್ಲಿ ವಾರಕ್ಕೊಂದ್ಸಲ ನಡೆಯತ್ತೆ, ಅದೂ ಸರಿಯಾಗಿ ನನ್ನ ಟೇಬಲ್ ಮುಂದೆನೇ. ಮನೇಲಿ ಹೇಳಿದ್ರೆ ನಮ್ಮೆಜಮಾನ್ರು "ನೀನು ಮಸಾಲೆ ಹಾಕ್ತೀಯ ಬಿಡು" ಅಂತಾರೆ. ಮಸಾಲೆ ಹಾಕೋಕೆ ಜಾಗ ಎಲ್ಲಿದೆ ಮಾರಾಯ್ರೆ, ಅದು ಬರೋದೇ ಒಗ್ಗರಣೆ ಸಮೇತ!

ನಾನು ಕೆಲಸ ಮಾಡೋದು ಶಿವಮೊಗ್ಗದಲ್ಲಿ, ಟಿಲ್ಲರ್, ಸ್ಪ್ರೇ ಪಂಪು, ಅಡಿಕೆ ಸುಲಿಯೋ ಮೆಷಿನ್ನು ಮಾರೋ ಒಂದು ಕಂಪನೀಲಿ. ಭದ್ರಾವತಿ ಓಲ್ಡ್ ಟೌನಲ್ಲಿ ನಮ್ಮದೊಂದು ಬ್ರಾಂಚಿದೆ. ನನ್ನ ಕೆಲಸ ಬಿಲ್ಲು ಬರೆಯೋದು. ಬಿಲ್ಲು ಬರೆಯೋಳ ಕೈಗೆ ಮೇಲ್‌ಗಳ ಜೈಲು ಹೇಗೆ ಬಂತು ಅನ್ನೋದನ್ನ ಮೊದ್ಲು ಹೇಳ್ತೀನಿ.

೧. ಯಾರದ್ದೋ ಪಾರ್ಸೆಲ್ಲು

ನಮ್ಮ ಓನರ್ರಿಗೆ ಒಂದಿನ ಒಂದು ಮೇಲ್ ಬಂತು: "ನಿಮ್ಮ ಪಾರ್ಸೆಲ್ ದಾರಿಯಲ್ಲಿ ನಿಂತಿದೆ, ಇಲ್ಲಿ ಒತ್ತಿ." ಒತ್ತಿದ್ರು. ಕಂಪ್ಯೂಟರ್ ಕಪ್ಪಗಾಯ್ತು.

"ಸಾರ್, ನೀವೇನಾದ್ರೂ ತರಿಸಿದ್ರಾ?" ಅಂದೆ.

"ಇಲ್ಲಮ್ಮ."

"ಮತ್ಯಾಕೆ ಒತ್ತಿದ್ರಿ?"

"ಯಾರದ್ದೋ ಪಾರ್ಸೆಲ್ಲು, ಪಾಪ, ದಾರೀಲಿ ನಿಂತಿದೆಯಲ್ಲಾ ಅಂತ."

ಮಾರನೇ ದಿನ ನಮ್ಮ ಎಲ್ಲಾ ಗಿರಾಕಿಗಳಿಗೂ ಓನರ್ರ ಹೆಸರಲ್ಲಿ ಒಂದು ಮೇಲ್ ಹೋಗಿತ್ತು. ಬೋಳು ತಲೆ ಮೇಲೆ ಕೂದಲು ಬೆಳೆಸೋ ಎಣ್ಣೆ ಇದೆ, ನಾನೇ ಹಚ್ಕೊಂಡು ನೋಡಿದೀನಿ ಅಂತ. ಪಂಪು ತಗೊಂಡಿದ್ದ ಒಬ್ಬ ರೈತರು ಹುಡುಕ್ಕೊಂಡು ಬಂದು "ಆ ಎಣ್ಣೆ ಇದ್ಯಾ?" ಅಂತ ಕೇಳಿದ್ರು. ಅಷ್ಟೊತ್ತಿಗೆ ಓನರ್ರು ಒಳಗಿಂದ ಬಂದ್ರು. ರೈತರು ಅವರ ತಲೆ ಕಡೆ ಒಂದ್ಸಲ ನೋಡಿದ್ರು. ಆಮೇಲೆ ಒಂದು ನಟ್ಟು ಬೋಲ್ಟು ತಗೊಂಡು ಹೋದ್ರು.

ಅವತ್ತೇ ಮೇಲ್ ಸೋಸೋ ಫಿಲ್ಟರ್ ಹಾಕಿಸಿದ್ದು. ಅದನ್ನ ಯಾರು ನೋಡ್ಕೊಳ್ಳೋದು ಅಂದಾಗ ಓನರ್ರು ನನ್ನ ಕಡೆ ಬೆರಳು ತೋರಿಸಿ, "ಪ್ರಿಂಟರ್ ರಿಪೇರಿ ಮಾಡಿದೋರು ಇವರೇ ಅಲ್ವಾ?" ಅಂದ್ರು. ನಾನು ಮಾಡಿದ್ದು ಸಿಕ್ಕಾಕ್ಕೊಂಡಿದ್ದ ಪೇಪರ್ ಎಳೆದಿದ್ದು, ಅಷ್ಟೇ!

ಫಿಲ್ಟರ್ ಕೆಲಸ ಇಷ್ಟೇ. ಬರೋ ಪ್ರತಿ ಮೇಲನ್ನೂ ಮೂಸಿ ನೋಡಿ, ಎಷ್ಟು ಅನುಮಾನ ಅಂತ ಅಂಕ ಹಾಕತ್ತೆ. ಐದರೊಳಗಿದ್ರೆ ಸಜ್ಜನ, ಬಿಟ್ಟುಬಿಡತ್ತೆ. ಐದು ದಾಟಿದ್ರೆ ಕ್ವಾರಂಟೈನ್ ಅನ್ನೋ ಕೋಣೆಗೆ ಹಾಕಿ ಬೀಗ ಜಡಿಯತ್ತೆ. ದಿನಾ ಬೆಳಿಗ್ಗೆ ನಾನು ಒಳಗೆ ಹೋಗಿ, ಒಳ್ಳೆಯವರನ್ನ ಬಿಡುಗಡೆ ಮಾಡಿ, ಕೆಟ್ಟವರನ್ನ ಅಳಿಸಿ ಬರಬೇಕು.

ಇದರಿಂದ ಹೆಚ್ಚು ಸಂಕಟಕ್ಕೆ ಬಿದ್ದೋರು ನಮ್ಮ ಓಲ್ಡ್ ಟೌನ್ ಬ್ರಾಂಚಿನ ಮ್ಯಾನೇಜರ್ರು. ಅವರಿಗೆ ಒಬ್ಬಳೇ ಮಗಳು, ಭದ್ರಾವತೀಲೇ ರಕ್ತ ಪರೀಕ್ಷೆ ಮಾಡೋ ಲ್ಯಾಬಲ್ಲಿ ಕೆಲಸ. ಅವಳಿಗೆ ಗಂಡು ಹುಡುಕಿ ಹುಡುಕಿ ಮನುಷ್ಯ ಸೊರಗಿ ಹೋಗಿದ್ರು. ಬಂದೋರೆಲ್ಲ ಜಾತಕ ಕೂಡ್ತು ಅಂತಾರೆ, ಉಪ್ಪಿಟ್ಟು ಕೇಸರಿಬಾತು ತಿಂತಾರೆ, "ತಿಳಿಸ್ತೀವಿ" ಅಂತಾರೆ, ಹೋದೋರು ಹೋದ್ರು. ಆಫೀಸ್ ಮೇಲ್ ಅಂದ್ರೆ ಒಂದು ಮರ್ಯಾದೆ ಇರತ್ತೆ ಅಂತ ಗಂಡಿನ ಕಡೆಯವರಿಗೆಲ್ಲ ಅದನ್ನೇ ಕೊಟ್ಟಿದ್ರು. ಫೋಟೋ, ಜಾತಕ, ವಧು, ವರ ಅನ್ನೋದು ಕಂಡ್ರೆ ಸಾಕು, ನಮ್ಮ ಫಿಲ್ಟರ್ ಕತ್ತು ಹಿಡಿದು ಒಳಗೆ ಹಾಕೋದು. ಪ್ರತಿ ಶನಿವಾರ ಮೀಟಿಂಗಿಗೆ ಬಂದಾಗ ಅವರು ಮೆಲ್ಲಗೆ ನನ್ನ ಟೇಬಲ್ ಹತ್ರ ಬಂದು, "ನಮ್ಮದೇನಾದ್ರೂ ಒಳಗೆ ಇದ್ಯಾ ಮೇಡಂ?" ಅಂತ ಕೇಳೋರು.

೨. ಜಾಮೀನು

ನಮಗೆ ಬ್ಲೇಡು, ಬೇರಿಂಗು ಸಪ್ಲೈ ಮಾಡೋ ಭದ್ರಾವತಿ ವ್ಯಾಪಾರಿ ಒಬ್ಬರ ಕೊಟೇಶನ್ ಹೀಗೇ ಒಳಗೆ ಹೋಯ್ತು. ನಾನು ಫೋನ್ ಮಾಡಿ, "ನಿಮ್ಮ ಮೇಲ್ ಫಿಲ್ಟರಲ್ಲಿ ಹಿಡ್ಕೊಂಡಿದೆ, ಇವತ್ತು ಬಿಡ್ತೀನಿ" ಅಂತ ಹೇಳಿದ್ದೇ ತಪ್ಪಾಯ್ತು. ಮಧ್ಯಾಹ್ನದ ಬಸ್ಸಿಗೆ ಮನುಷ್ಯ ಹಾಜರು. ಕೈಯಲ್ಲಿ ಒಂದು ಚಿಪ್ಪು ಬಾಳೆಹಣ್ಣು, ಜೊತೆಗೆ ಗರಿಗರಿ ಬಿಳಿ ಶರ್ಟಿನ ಒಬ್ಬ ಹಿರಿಯರು.

"ಇವರ್ಯಾರು?" ಅಂದೆ.

"ನಮ್ಮ ವಾರ್ಡಲ್ಲಿ ಇವರ ಮಾತು ನಡೆಯತ್ತೆ ಮೇಡಂ. ನಮ್ಮ ಬಗ್ಗೆ ಎರಡು ಮಾತು ಹೇಳಲಿ ಅಂತ ಕರ್ಕೊಂಡು ಬಂದೆ."

ಹಿರಿಯರು ಗಂಟಲು ಸರಿ ಮಾಡ್ಕೊಂಡು, "ಒಳ್ಳೇ ಮನೆತನ ಕಣಮ್ಮ. ಇವರ ಕಡೆ ಮೇಲ್ ಇಲ್ಲೀವರೆಗೆ ಎಲ್ಲೂ ಒಳಗೆ ಹೋದದ್ದಿಲ್ಲ. ಇದೇ ಮೊದಲು. ಏನೋ ಸಹವಾಸ ದೋಷ ಇರಬೇಕು" ಅಂದ್ರು.

ನನಗೆ ನಗು ತಡಿಯೋಕಾಗಲಿಲ್ಲ. ಸ್ಕ್ರೀನ್ ತಿರುಗಿಸಿ ತೋರಿಸಿದೆ. ವ್ಯಾಪಾರಿ ಬಗ್ಗಿ ನೋಡಿ, "ಅಯ್ಯೋ, ಎಂಥವರ ಜೊತೆ ಕೂರಿಸಿದೀರಿ ಮೇಡಂ" ಅಂತ ನೊಂದ್ಕೊಂಡ್ರು. ಮೇಲುಗಡೆ ತೂಕ ಇಳಿಸೋ ಮಾತ್ರೆ, ಕೆಳಗಡೆ ಒಂಟಿ ಹೆಂಗಸರ ಪರಿಚಯ, ನಡುವೆ ಇವರ ಬೇರಿಂಗು.

ಬಿಡುಗಡೆ ಒತ್ತಿದೆ. "ಎಲ್ಲಿ ಸಹಿ ಹಾಕ್ಬೇಕು?" ಅಂದ್ರು. ಎಲ್ಲೂ ಬೇಡ ಅಂದ್ರೂ ನಂಬಲಿಲ್ಲ. ಕೊನೆಗೆ ನಮ್ಮ ವಿಸಿಟರ್ ಪುಸ್ತಕದಲ್ಲಿ ಇಬ್ಬರೂ ಸಹಿ ಹಾಕಿ ಸಮಾಧಾನದಿಂದ ಹೋದ್ರು. ಮಾರನೇ ದಿನ ಮತ್ತೆ ಅದೇ ಬಸ್ಸು, ಅದೇ ಹಿರಿಯರು.

"ಏನಾಯ್ತು ಈಗ?"

"ನಿನ್ನೆ ರಾತ್ರಿ ನಿಮಗೆ ಒಂದು ಥ್ಯಾಂಕ್ಸ್ ಹಾಕಿದ್ದೆ ಮೇಡಂ, ದೇವರ ಫೋಟೋ ಹೂವು ಎಲ್ಲ ಸೇರಿಸಿ. ಅದನ್ನೂ ಹಿಡ್ಕೊಂಡು ಹೋಗಿದಾರೆ!"

೩. ಶಿವಮೊಗ್ಗದ ಟೈಮ್

ಒಳಗೆ ಸಿಕ್ಕಿಬಿದ್ದವರ ಪಟ್ಟಿಯನ್ನ ಫಿಲ್ಟರ್ ನನಗೆ ದಿನಾ ಬೆಳಿಗ್ಗೆ ಹತ್ತೂವರೆಗೆ ಕಳಿಸತ್ತೆ. ಒಂದು ಶುಕ್ರವಾರ ಅದನ್ನ ನೋಡ್ತಾ ಟಿಲ್ಲರ್ ಆರ್ಡರ್ ಒಂದನ್ನ ಬಿಡುಗಡೆ ಮಾಡಿದೆ. ಶನಿವಾರ ಆ ಗಿರಾಕಿ ಬೇಡ ಅಂದ. ಓನರ್ರು ಕ್ಯಾಲೆಂಡರ್ ಮುಂದೆ ನಿಂತು ಹಣೆ ಚಚ್ಚಿಕೊಂಡ್ರು.

"ಶುಕ್ರವಾರ ಹತ್ತೂವರೆಯಿಂದ ಹನ್ನೆರಡು ರಾಹುಕಾಲ ಅಲ್ವೇನಮ್ಮ! ಆ ಹೊತ್ತಲ್ಲಿ ಬಿಟ್ಟ ಮೇಲು ಉದ್ಧಾರ ಆಗತ್ತಾ?"

ಸರಿ, ಇನ್ಮೇಲೆ ಆಮೇಲೆ ಬಿಡ್ತೀನಿ ಅಂದೆ. ಅದು ಅವರಿಗೆ ಸಾಲದು. ನಾನು ಮರೆತ್ರೆ? ಫಿಲ್ಟರಿಗೇ ಗೊತ್ತಿರಬೇಕು. ಕಸ್ಟಮರ್ ಕೇರಿಗೆ ಫೋನ್ ಹಚ್ಚಿಸಿದ್ರು. ಆ ಕಡೆಯ ಹುಡುಗಿಗೆ ಅರ್ಧಂಬರ್ಧ ಕನ್ನಡ ಬರ್ತಿತ್ತು, ರಾಹುಕಾಲ ಬರ್ತಿರಲಿಲ್ಲ.

"ಸರ್, ಅದು ಟೈಮ್ ಝೋನಾ?"

"ಹೌದಮ್ಮ, ಅದೇ. ದಿನಾ ಒಂದೊಂದು ಹೊತ್ತಿಗೆ ಬರತ್ತೆ."

"ಯಾವ ದೇಶ ಸರ್?"

"ಶಿವಮೊಗ್ಗ."

ಹುಡುಗಿ ಒಳ್ಳೇದು ಪಾಪ, ಕಂಪ್ಲೇಂಟ್ ನಂಬರ್ ಕೊಟ್ಟು, ಎಂಜಿನಿಯರಿಗೆ ಹೇಳ್ತೀನಿ ಅಂದಳು. ಇವತ್ತಿಗೂ ಪ್ರತಿ ತಿಂಗಳು ಅಲ್ಲಿಂದ ಒಂದು ಮೆಸೇಜು ಬರತ್ತೆ: "ನಿಮ್ಮ ರಾಹು ಸಮಸ್ಯೆ ಪರಿಶೀಲನೆಯಲ್ಲಿದೆ. ದಯವಿಟ್ಟು ತಾಳ್ಮೆಯಿಂದಿರಿ. ಶೀಘ್ರದಲ್ಲೇ ಪರಿಹಾರ ಸಿಗಲಿದೆ."

ಓನರ್ರು ಅದನ್ನ ಓದಿ ತಲೆದೂಗಿ, "ನಮ್ಮ ಜೋಯಿಸರೂ ಪ್ರತಿ ಸಲ ಇದನ್ನೇ ಹೇಳೋದು" ಅಂತಾರೆ.

೪. ಪಾಪದ ಹೆಂಗಸು

ಕ್ವಾರಂಟೈನಲ್ಲಿ ಒಬ್ಬಳು ಹೆಂಗಸಿದ್ದಳು. ಯಾವುದೋ ದೂರ ದೇಶದೋಳು. ಗಂಡ ತೀರಿಹೋಗಿದಾನೆ, ತನಗೂ ಕಾಯಿಲೆ, ಮಕ್ಕಳಿಲ್ಲ, ಇರೋದನ್ನೆಲ್ಲ ನಿಮಗೇ ಬರೆದುಕೊಡ್ತೀನಿ ಅಂತ ದಿನಾ ಮೇಲ್ ಮಾಡೋಳು. ನಾನು ಒಂದಿನ ಟೀ ಹೊತ್ತಲ್ಲಿ ಅದನ್ನ ಕನ್ನಡ ಮಾಡಿ ಓದಿದೆ. ಅವತ್ತಿಂದ ಅದು ಧಾರಾವಾಹಿ ಆಗ್ಹೋಯ್ತು. ಟೀ ಲೋಟ ಹಿಡ್ಕೊಂಡು ಎಲ್ಲರೂ ನನ್ನ ಟೇಬಲ್ ಸುತ್ತ ನಿಲ್ಲೋರು. ಎಲ್ಲರಿಗಿಂತ ಹಚ್ಕೊಂಡಿದ್ದು ನಮ್ಮ ಹೆಡ್ ಮೆಕ್ಯಾನಿಕ್ ಭಾಯ್.

"ಅಕ್ಕಾ, ಆಯಮ್ಮಂಗೆ ಇವತ್ತು ಹೆಂಗಿದ್ಯಂತೆ?"

"ಭಾಯ್, ಇದೆಲ್ಲ ಮೋಸ. ಹಿಂಗೆ ಲಕ್ಷ ಜನಕ್ಕೆ ಕಳಿಸ್ತಾರೆ."

"ಇರಬೋದು ಅಕ್ಕಾ. ಕಾಯಿಲೆ ಬಿದ್ದೋರು ಕಂಡೋರಿಗೆಲ್ಲ ಹೇಳ್ಕೋತಾರೆ. ನಮ್ಮ ಖಾಲಾ, ಅಮ್ಮನ ತಂಗಿ, ಅವರೂ ಹಂಗೇ."

ಒಂದ್ಸಲ ಮೂರ್ನಾಲ್ಕು ದಿನ ಅವಳ ಮೇಲೇ ಬರಲಿಲ್ಲ. ಆಫೀಸೇ ಮಂಕಾಯ್ತು. ಸ್ಟೋರ್ ಕೀಪರ್ರು ಬಿಸ್ಕತ್ತು ಮುಟ್ಟಲಿಲ್ಲ. ಭಾಯ್ ಶುಕ್ರವಾರ ನಮಾಜಿಗೆ ಹೋದಾಗ ಆಯಮ್ಮಂಗೂ ಸೇರಿಸಿ ದುವಾ ಮಾಡಿ ಬಂದ್ರು. ಸೋಮವಾರ ಬಂತು ನೋಡಿ! ಎಲ್ಲರೂ ಓಡಿ ಬಂದ್ರು. ಓದಿದೆ: "ಕಳೆದ ವಾರ ನನ್ನ ಪತಿ ವಿಮಾನ ಅಪಘಾತದಲ್ಲಿ ತೀರಿಕೊಂಡರು."

ಸ್ಟೋರ್ ಕೀಪರ್ರು ಹುಬ್ಬು ಗಂಟಿಕ್ಕಿ, "ಅಲ್ಲಾ, ಗಂಡ ಆಗಲೇ ಹೃದಯಾಘಾತದಲ್ಲಿ ಹೋಗಿದ್ನಲ್ಲಾ?" ಅಂದ್ರು. ಸದ್ಯ, ಈಗಲಾದ್ರೂ ಗೊತ್ತಾಯ್ತಲ್ಲ ಅಂತ ನಾನು ಉಸಿರು ಬಿಟ್ಟೆ.

ಭಾಯ್ ಲೋಟ ಕೆಳಗಿಟ್ಟು ತುಂಬಾ ಬೇಜಾರಲ್ಲಿ ಹೇಳಿದ್ರು: "ಎರಡನೇ ಮದ್ವೆ ಆಗಿದಾಳೆ. ದಿನಾ ವಿಚಾರಿಸ್ತಿದ್ವಿ, ಮದ್ವೆಗೆ ನಮ್ಮನ್ನ ಕರೀಲೇ ಇಲ್ಲ ನೋಡಿ."

೫. ಸಾಲಾವಳಿ

ಹೋದ ಬೇಸಿಗೇಲಿ ನನಗೆ ಚಿಕನ್ ಪಾಕ್ಸ್ ಆಯ್ತು. ನಮ್ಮತ್ತೆ ಬೇವಿನ ಸೊಪ್ಪು ಹಾಸಿ, ಒಂದು ಕೋಣೇಲಿ ಹಾಕಿ, ಫೋನ್ ಕಿತ್ಕೊಂಡು ಬಾಗಿಲು ಎಳ್ಕೊಂಡ್ರು. ಇಷ್ಟು ದಿನ ನಾನು ಮೇಲ್‌ಗಳಿಗೆ ಮಾಡಿದ್ದನ್ನ ದೇವರು ನನಗೇ ಮಾಡಿದ. ಆಫೀಸಲ್ಲಿ ಫಿಲ್ಟರ್ ಪಾಸ್‌ವರ್ಡನ್ನ ಓನರ್ರು ಯಾರಿಗೆ ಕೊಟ್ರು ಅಂತೀರಿ? ನಂಬಿಕಸ್ಥರು ಅಂತ ನಮ್ಮ ಓಲ್ಡ್ ಟೌನ್ ಮ್ಯಾನೇಜರ್ರಿಗೆ.

ವಾಸಿಯಾಗಿ ಆಫೀಸಿಗೆ ಬಂದ ದಿನ ಅವರು ಪೇಡದ ಡಬ್ಬಿ ಹಿಡ್ಕೊಂಡು ಬಾಗಿಲಲ್ಲೇ ಕಾಯ್ತಿದ್ರು. ಅಷ್ಟು ಅರಳಿದ ಮುಖ ನಾನು ನೋಡೇ ಇರಲಿಲ್ಲ.

"ಮೇಡಂ, ಬಾಯಿ ಸಿಹಿ ಮಾಡ್ಕೊಳ್ಳಿ! ಇಪ್ಪತ್ತೇಳು ಗುಣ ಕೂಡಿದೆ!"

"ಹೌದಾ ಸಾರ್? ಯಾವ ಜೋಯಿಸರು ನೋಡಿದ್ರು?"

"ಜೋಯಿಸರ್ಯಾಕೆ? ನಿಮ್ಮ ಕಂಪ್ಯೂಟರ್ರೇ ನೋಡಿದೆ. ಜೋಯಿಸರೂ ಈಗ ಕಂಪ್ಯೂಟರಲ್ಲೇ ಅಲ್ವಾ ನೋಡೋದು? ಮಗಳ ಜಾತಕ ಮೊದಲೇ ಆಫೀಸ್ ಮೇಲಿಗೆ ಹಾಕಿಟ್ಟಿದ್ದೆ. ಬಂದ ಗಂಡುಗಳ ಜಾತಕನೆಲ್ಲ ಅದಕ್ಕೆ ತಾಳೆ ನೋಡಿ, ಪಕ್ಕದಲ್ಲೇ ಗುಣ ಬರೆದುಬಿಟ್ಟಿದೆ. ನೀವು ಇಷ್ಟು ದಿನ ಹೇಳಲೇ ಇಲ್ಲವಲ್ಲ!"

ಅಯ್ಯೋ ಶಿವನೇ! ಅವರು ನೋಡಿದ್ದು ಅನುಮಾನದ ಅಂಕ.

"ಮೂವತ್ತಾರರಲ್ಲಿ ಹದಿನೆಂಟಾದ್ರೂ ಕೂಡಬೇಕು ಅಂತ ಶಾಸ್ತ್ರ" ಅಂತ ಅವರು ಮುಂದುವರಿಸಿದ್ರು. "ಒಬ್ಬನದ್ದು ಆರು, ಒಬ್ಬನದ್ದು ಏಳೂವರೆ, ಒಬ್ಬನದ್ದು ಒಂಬತ್ತು. ಜಾತಕ ಕೂಡಲಿಲ್ಲ, ಕ್ಷಮಿಸಿ ಅಂತ ಉತ್ತರ ಬರೆದು ಅಳಿಸಿಬಿಟ್ಟೆ. ಆ ಕಾಯಿಲೆ ಹೆಂಗಸಿಗೂ ನಮ್ಮ ಹುಡುಗಿಗೂ ಹತ್ತೊಂಬತ್ತು ಕೂಡಿತ್ತು. ನಮಗೆ ಬೇಡದ ಸಂಬಂಧ ಅಂತ ಬಿಟ್ಟೆ. ಇದೊಂದು ಮಾತ್ರ ಇಪ್ಪತ್ತೇಳು. ಭಾನುವಾರ ಹೆಣ್ಣು ನೋಡೋಕೆ ಬರ್ತಿದಾರೆ. ಕಂಪ್ಯೂಟರ್ ಕಡೆಯಿಂದ ನೀವು ಬರಲೇಬೇಕು!"

"ಸಾರ್, ಆ ನಂಬರ್ ಇದ್ಯಲ್ಲ..."

"ಶ್! ದೃಷ್ಟಿ ಆಗತ್ತೆ ಮೇಡಂ. ಜೋರಾಗಿ ಹೇಳ್ಬೇಡಿ."

ಆ ಮುಖ ನೋಡಿ ಒಂದು ಪೇಡ ಬಾಯಿಗೆ ಹಾಕ್ಕೊಂಡೆ. ಅವರು ಹೋದ ಮೇಲೆ ಆ ಮೇಲ್ ತೆಗೆದೆ. ಇಪ್ಪತ್ತೇಳು ಅಂದ್ರೆ ಏನು ತಮಾಷೆನಾ? ತೂಕ ಇಳಿಸೋ ಮಾತ್ರೆಯವರಿಗೂ ಅಷ್ಟು ಬಿದ್ದಿರಲಿಲ್ಲ! ಒಳಗೆ ಕೆಂಪು ದಪ್ಪ ಅಕ್ಷರದಲ್ಲಿ ಹೀಗಿತ್ತು: "ಅರ್ಜೆಂಟ್!!! ನಿಮ್ಮ ಮಗಳಿಗೆ ಸುವರ್ಣಾವಕಾಶ!!! ಇಂಥ ವರ ಮತ್ತೆ ಸಿಗುವುದಿಲ್ಲ!!! ಮೊದಲು ಬಂದವರಿಗೆ ಆದ್ಯತೆ!!! ಇಂದೇ ಸಂಪರ್ಕಿಸಿ!!!" ಇದನ್ನ ಬರೆದೋನು ಒಂದೋ ಕಳ್ಳ, ಇಲ್ಲಾ ತಲೆ ಕೆಟ್ಟೋನು. ನಿಜವಾದ ಗಂಡುಗಳನ್ನೆಲ್ಲ ಅಳಿಸಿ, ಮಗಳನ್ನ ಇಂಥವನಿಗೆ ತೋರಿಸೋಕೆ ಹೊರಟಿದಾರಲ್ಲ ಈ ಪುಣ್ಯಾತ್ಮ!

ಭಾನುವಾರ ಓಲ್ಡ್ ಟೌನಲ್ಲಿರೋ ಅವರ ಮನೆಗೆ ಹೋದೋಳೇ ಸೀದಾ ಅಡುಗೆಮನೆಗೆ ನುಗ್ಗಿದೆ. ಮಗಳು ಕಾಫಿ ಸೋಸ್ತಿದ್ದಳು. ಬಾಗಿಲು ಮುಂದೆ ಮಾಡಿ ಎಲ್ಲಾ ಹೇಳಿದೆ.

"ಅಂದ್ರೆ ಅಕ್ಕಾ, ಇಪ್ಪತ್ತೇಳು ಅಂದ್ರೆ ಇವರ ಮೇಲೆ ಅಷ್ಟು ಅನುಮಾನ ಅಂತಾನಾ?"

"ಹೂಂ ಕಣೇ ಮಾರಾಯ್ತಿ. ಇನ್ನೂ ಟೈಮಿದೆ, ತಲೆನೋವು ಅಂತ ಮಲಗಿಬಿಡು."

ಅವಳು ಹೆದರಲಿಲ್ಲ. "ರಿಪೋರ್ಟ್ ನೋಡಿ ಗಾಬರಿ ಬೀಳೋಕೆ ಮುಂಚೆ ಪೇಷಂಟ್ ನೋಡಬೇಕು ಅಕ್ಕಾ. ನಮ್ಮ ಲ್ಯಾಬಲ್ಲಿ ದಿನಾ ಹೇಳೋದು ಅದನ್ನೇ" ಅಂದಳು. ಅಷ್ಟೊತ್ತಿಗೆ ಬೀದೀಲಿ ಒಂದು ಆಟೋ ನಿಂತ ಸದ್ದು. ಹಜಾರದಿಂದ ಗಾಜು ಅದುರೋ ಹಾಗೆ ಒಂದು ದನಿ:

"ನಮಸ್ಕಾರ! ನಮಸ್ಕಾರ! ಎಲ್ಲರಿಗೂ ಹೃತ್ಪೂರ್ವಕ ನಮಸ್ಕಾರ!"

ಇಣುಕಿ ನೋಡಿದೆ. ಗಂಡಿನ ಅಪ್ಪ. ಹೊರಗಡೆ ನಿಂತಿದ್ದ ಅವರ ಆಟೋ ಮೇಲೆ ಎರಡು ಮೈಕು. ಸೀರೆ ಸೇಲು, ವಸ್ತುಪ್ರದರ್ಶನ, ಸರ್ಕಸ್ಸು ಅಂತ ಇಡೀ ಭದ್ರಾವತಿ ಸುತ್ತಿ ಕೂಗೋದೇ ಅವರ ಉದ್ಯೋಗ. ಮಗನ ಜಾತಕಾನೂ ಅದೇ ವರಸೇಲಿ ಬರೆದು, ಕೈಲಿದ್ದ ವಿಳಾಸಕ್ಕೆಲ್ಲ ಒಟ್ಟಿಗೆ ಕಳಿಸಿದ್ರು ಪುಣ್ಯಾತ್ಮರು. ಮಗ ಮಾತ್ರ ಮೆತ್ತಗಿನ ಹುಡುಗ. ಸೋಗಾನೆ ಏರ್‌ಪೋರ್ಟಲ್ಲಿ ಪ್ರಯಾಣಿಕರ ಬ್ಯಾಗನ್ನ ಸ್ಕ್ರೀನ್ ಮೇಲೆ ನೋಡಿ, ಅನುಮಾನ ಇದ್ದದ್ದನ್ನ ಪಕ್ಕಕ್ಕೆ ತೆಗೆಯೋ ಕೆಲಸ.

ಹುಡುಗಿ ಕಾಫಿ ಕೊಟ್ಟು, ತಲೆ ಬಗ್ಗಿಸದೆ, ಎಲ್ಲರೆದುರು ಕೇಳೇಬಿಟ್ಟಳು: "ನಿಮ್ಮ ಮೇಲಿಗೆ ನಮ್ಮಪ್ಪನ ಆಫೀಸ್ ಕಂಪ್ಯೂಟರ್ ಇಪ್ಪತ್ತೇಳು ಅಂಕ ಅನುಮಾನ ಹಾಕಿದೆ. ಅಪ್ಪ ಅದನ್ನ ಗುಣ ಅಂದ್ಕೊಂಡಿದಾರೆ. ಏನಂತೀರಿ?"

ಮ್ಯಾನೇಜರ್ರು ಗಕ್ಕನೆ ನನ್ನ ಕಡೆ ತಿರುಗಿದ್ರು. ನಾನು ಗೋಡೆ ಕಡೆ ನೋಡ್ದೆ.

ಹುಡುಗ ನಕ್ಕ. "ಅಪ್ಪನ ಮೇಲ್ ನನ್ನ ಕೈಗೆ ಸಿಕ್ಕಿದ್ರೆ ನಾನೂ ಪಕ್ಕಕ್ಕೆ ತೆಗೀತಿದ್ದೆ. ಅನುಮಾನ ಬಂದ್ರೆ ತೆಗೆದು ನೋಡಬೇಕು ಅಷ್ಟೇ. ಹೆಚ್ಚಾಗಿ ಒಳಗಡೆ ಉಪ್ಪಿನಕಾಯೇ ಇರತ್ತೆ."

ಅವಳೂ ನಕ್ಕಳು. ಇಬ್ಬರೂ ಟೆರೇಸಿಗೆ ಹೋದ್ರು, ಇಳಿದು ಬರೋ ಹೊತ್ತಿಗೆ ಎರಡನೇ ಸಲ ಮಾಡಿದ ಕಾಫೀನೂ ಆರಿತ್ತು. ಹುಡುಗಿ ಅಪ್ಪನ ಹತ್ರ ಬಂದು "ನನಗೆ ಒಪ್ಪಿಗೆ ಅಪ್ಪಾ" ಅಂದಳು. ಹುಡುಗನೂ ಹೂಂ ಅಂದ. ಆದ್ರೆ ಮ್ಯಾನೇಜರ್ರು ಕುಸಿದು ಕೂತಿದ್ರು. ಜಾತಕ ಕೂಡದೆ ಅವರ ಮನೇಲಿ ಇವತ್ತಿನವರೆಗೆ ಒಂದು ಮದುವೆ ಆಗಿಲ್ಲ. ಕಂಪ್ಯೂಟರ್ ಕೊಟ್ಟಿದ್ದು ಗುಣ ಅಲ್ಲ ಅಂದ ಮೇಲೆ, ಅವರ ಪಾಲಿಗೆ ಈ ಜಾತಕ ಇನ್ನೂ ಯಾರೂ ನೋಡೇ ಇಲ್ಲ.

"ಅದಕ್ಕೇನು! ಈಗಲೇ! ಈ ಕೂಡಲೇ!" ಅಂತ ಗಂಡಿನ ಅಪ್ಪ ಎಲ್ಲರನ್ನೂ ಮೈಕಿನ ಆಟೋಗೆ ತುಂಬಿ ಹಿಂದಿನ ಬೀದಿ ಜೋಯಿಸರ ಮನೆಗೆ ಹೊಡೆದ್ರು. ಜೋಯಿಸರು ಕಂಪ್ಯೂಟರಿಗೆ ಕೈಮುಗಿದು, ಎರಡೂ ಜಾತಕ ಹಾಕಿ, ಕನ್ನಡಕ ಏರಿಸಿ, ಇಳಿಸಿ, ಮತ್ತೆ ಏರಿಸಿದ್ರು.

"ನಾಲ್ಕು" ಅಂದ್ರು.

ಹುಡುಗಿ ತುಟಿ ಕಚ್ಚಿಕೊಂಡು ನೆಲ ನೋಡ್ತಾ ನಿಂತಳು, ಕಣ್ಣು ತುಂಬಿತ್ತು. ಇದಕ್ಕೆಲ್ಲ ನನ್ನ ದರಿದ್ರ ಫಿಲ್ಟರ್ರೇ ಕಾರಣ ಅನ್ನಿಸ್ತು. ಮ್ಯಾನೇಜರ್ರು ಮಗಳನ್ನ ಒಂದು ಗಳಿಗೆ ನೋಡಿದ್ರು. ಆಮೇಲೆ ಮೆಲ್ಲಗೆ ನನ್ನ ಕಡೆ ತಿರುಗಿದ್ರು.

"ಮೇಡಂ, ನಿಮ್ಮ ಲೆಕ್ಕದಲ್ಲಿ ಎಷ್ಟರೊಳಗಿದ್ರೆ ಸಜ್ಜನ?"

"ಐದರೊಳಗೆ ಸಾರ್."

"ಜೋಯಿಸರೇ, ನಿಮ್ಮ ಲೆಕ್ಕದಲ್ಲಿ ಎಷ್ಟು ದಾಟಬೇಕು?"

"ಹದಿನೆಂಟು. ಆದ್ರೆ ಇಲ್ಲಿ..."

"ಇರಿ!" ಮ್ಯಾನೇಜರ್ರು ಎದ್ದು ನಿಂತು ಪಂಚೆ ಸರಿ ಮಾಡ್ಕೊಂಡ್ರು. "ಕಂಪ್ಯೂಟರ್ ಕೊಟ್ಟಿದ್ದು ಇಪ್ಪತ್ತೇಳು. ಜೋಯಿಸರ ಲೆಕ್ಕಕ್ಕೆ ಪಾಸು. ಜೋಯಿಸರು ಕೊಟ್ಟಿದ್ದು ನಾಲ್ಕು. ಕಂಪ್ಯೂಟರ್ ಲೆಕ್ಕಕ್ಕೆ ಪಾಸು. ಎರಡೂ ಕಡೆ ಪಾಸಾದ ಹುಡುಗ ನನಗೆ ಇನ್ನೆಲ್ಲಿ ಸಿಗ್ತಾನೆ ರೀ?"

ಜೋಯಿಸರು ಬಾಯಿ ತೆಗೆದ್ರು. ಅಷ್ಟರಲ್ಲಿ ಗಂಡಿನ ಅಪ್ಪ ಹೊರಗೆ ಓಡಿ ಆಟೋದ ಮೈಕ್ ಕೈಗೆ ತಗೊಂಡಿದ್ರು.

"ಮಹನೀಯರೇ, ಮಹಿಳೆಯರೇ! ಸಂಬಂಧ ಕುದುರಿದೆ! ಕುದುರಿದೆ! ಕುದುರಿದೆ!"

ಜೋಯಿಸರು ಒಳಗೆ ಕೈ ಎತ್ತಿ ಎತ್ತಿ ಏನೋ ಹೇಳ್ತಾನೇ ಇದ್ರು. ಆ ಮೈಕಿನ ಸದ್ದಲ್ಲಿ ಓಲ್ಡ್ ಟೌನಿನ ಒಬ್ಬರಿಗೂ ಅದು ಕೇಳಿಸಲಿಲ್ಲ.